ದಾರಿ ಎಲ್ಲರದೂ ಅಂದ್ರಲ್ಲ, ರಾತ್ರಿ ಯಾರದು?



ನಾವು ಐದು ಜನ ಚಿಕ್ಕಯ್ಯನಛತ್ರದಿಂದ ಬಿಳಿಗಿರಿರಂಗನ ಬೆಟ್ಟದ ತಪ್ಪಲಿಗೆ ಸೈಕಲ್ಲಲ್ಲಿ ಹೋಗಿ, ರಾತ್ರಿ ಅಲ್ಲೇ ಹೊಲದಲ್ಲಿ ಮಲಗಿ ಬಂದ ಫೋಟೊ ಹಾಕಿದ್ದೆ. ಅದಕ್ಕೆ ಎರಡು ಥರದ ಮಾತು ಬಂದಿವೆ. ಎರಡಕ್ಕೂ ಒಟ್ಟಿಗೇ ಉತ್ತರ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತು ಇದ್ದಾಗ ಓದಿ.

ಒಂದು ಮಾತು ನಮ್ಮ ಸಂಗಾತಿಗಳದ್ದೇ. "ಅಣ್ಣ, ಎಸ್‌ಸಿಎಸ್‌ಪಿ ದುಡ್ಡು ಗ್ಯಾರಂಟಿಗೆ ಹೋಗ್ತಾ ಅದೆ, ಬ್ಯಾಕ್‌ಲಾಗ್ ಹುದ್ದೆ ಹಾಗೇ ಬಿದ್ದವೆ, ಸ್ಮಶಾನಕ್ಕೆ ಜಾಗ ಇಲ್ಲದ ಊರುಗಳಿವೆ. ಇಂಥಾ ಟೈಮಲ್ಲಿ ಈ ಶೋಕಿ ಯಾಕೆ? ಟೆಂಟು ಹೊಡೆಯೋದು ಬೆಂಗಳೂರಿನ ದುಡ್ಡಿರೋ ಹುಡುಗರ ಕೆಲಸ." ಇನ್ನೊಂದು ಮಾತು ಆ ಬೆಂಗಳೂರಿನ ಹುಡುಗರಲ್ಲೇ ಒಬ್ಬರದು. ಹತ್ತು ವರ್ಷದಿಂದ ಸೈಕಲ್ಲಲ್ಲಿ ದೇಶ ಸುತ್ತುತ್ತಿದ್ದಾರಂತೆ. "ದಾರಿಯಲ್ಲಿ ಯಾರೂ ಜಾತಿ ಕೇಳಲ್ಲ ಸರ್. ಹಳ್ಳಿ ಜನ ಕರೆದು ಊಟ ಹಾಕ್ತಾರೆ, ದೇವಸ್ಥಾನದ ಜಗಲಿ ಮೇಲೆ ಮಲಗಿಸ್ತಾರೆ. ನೀವೇ ಎಲ್ಲದಕ್ಕೂ ಜಾತಿ ತರ್ತೀರಿ."

ಮೊದಲು ಎರಡನೆಯವರಿಗೆ ಹೇಳ್ತೀನಿ. ಸ್ವಾಮಿ, ನೀವು ಸುಳ್ಳು ಹೇಳ್ತಿಲ್ಲ. ನಿಮ್ಮನ್ನು ಯಾರೂ ಕೇಳಿಲ್ಲ. ಯಾಕೆ ಕೇಳಲಿಲ್ಲ ಅನ್ನೋದನ್ನ ಒಂದು ಸಲ ಯೋಚನೆ ಮಾಡಿ. ನಿಮ್ಮ ಲಕ್ಷ ರೂಪಾಯಿ ಸೈಕಲ್ಲು, ತಲೆ ಮೇಲಿನ ಹೆಲ್ಮೆಟ್ಟು, ಬಾಯಲ್ಲಿ ಬರೋ ಇಂಗ್ಲಿಷು ಇವೇ ಉತ್ತರ ಕೊಟ್ಟುಬಿಡ್ತವೆ. ಪ್ರಶ್ನೆ ಹುಟ್ಟೋಕೆ ಮುಂಚೆಯೇ ನಿಮಗೆ ಪಾಸ್ ಮಾರ್ಕ್ಸ್ ಬಿದ್ದಿರುತ್ತೆ. ನಮ್ಮ ಹುಡುಗರ ಐದು ಸೈಕಲ್ಲಲ್ಲಿ ಒಂದು, ಸರ್ಕಾರ 8ನೇ ಕ್ಲಾಸಲ್ಲಿ ಕೊಟ್ಟದ್ದು. ಹ್ಯಾಂಡಲ್ ಮುಂದಿನ ಬುಟ್ಟಿ ಮುರಿದಿದೆ. ಇನ್ನೊಂದು ದಿನಾ ತಾಂಡವಪುರದ ಫ್ಯಾಕ್ಟರಿ ಶಿಫ್ಟಿಗೆ ಹೋಗೋ ಸೈಕಲ್ಲು. ಟೆಂಟು ಇಲ್ಲ, ರಾಗಿ ಒಣಗಿಸೋ ಟಾರ್ಪಾಲು ಕಟ್ಟಿಕೊಂಡಿದ್ವಿ. ನಮ್ಮನ್ನ ನೋಡಿದವರಿಗೆ ಪ್ರಶ್ನೆ ತಾನಾಗೇ ಬರುತ್ತೆ.

ಎರಡನೇ ಶನಿವಾರ, ಆಫೀಸಿಗೆ ರಜೆ. ಬೆಳಗಿನ ಜಾವ ಹೊರಟು ನಂಜನಗೂಡಿನ ಸೇತುವೆ ಮೇಲೆ ಕಪಿಲೆ ನೋಡಿಕೊಂಡು, ಚಾಮರಾಜನಗರದ ರಸ್ತೆ ಹಿಡಿದ್ವಿ. ಬದನವಾಳು ಬಂತು. ಹುಡುಗರು ಗಾಂಧಿ, ಖಾದಿ ಅಂತ ಪಾಠದಲ್ಲಿ ಓದಿದ್ರು. 1993ರಲ್ಲಿ ಅದೇ ಊರಿನ ದೇವಸ್ಥಾನ ಪ್ರವೇಶದ ಜಗಳದ ಬೆನ್ನಿಗೆ ನಮ್ಮವರು ಮೂರು ಜನ ಕೊಲೆಯಾದರು ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಆಗ ಅವರಿನ್ನೂ ಹುಟ್ಟಿರಲಿಲ್ಲ. ಮರದ ಕೆಳಗೆ ಸೈಕಲ್ ನಿಲ್ಲಿಸಿ ಹೇಳಿದೆ. ಆಮೇಲೆ ಒಂದೈದು ಕಿಲೋಮೀಟರು ಯಾರೂ ಮಾತಾಡಲಿಲ್ಲ, ಬರೀ ಚೈನಿನ ಸದ್ದು.

ಬಿಸಿಲೇರಿದ ಮೇಲೆ ಒಂದೂರಲ್ಲಿ (ಹೆಸರು ಬೇಡ, ಆ ಊರೊಂದರದೇ ಕಥೆ ಅಲ್ಲ ಇದು) ಸಮುದಾಯ ಭವನದ ಜಗಲಿ ಮೇಲೆ ಕೂತ್ವಿ. ಶಾಸಕರ ನಿಧಿಯಲ್ಲಿ ಕಟ್ಟಿದ್ದು ಅಂತ ಗೋಡೆ ಮೇಲೆ ಕಲ್ಲಿದೆ. ವಯಸ್ಸಾದವರೊಬ್ಬರು ಬಂದರು. ಒಳ್ಳೇ ಮನುಷ್ಯ, ನಗುನಗುತ್ತಲೇ ಮಾತಾಡಿಸಿದರು.

"ಯಾವೂರಪ್ಪ?"

"ಚಿಕ್ಕಯ್ಯನಛತ್ರದ ಕಡೆ ಯಜಮಾನ್ರೇ."

"ಸೈಕಲ್ಲಲ್ಲೇ ಬಂದ್ರಾ! ಗಟ್ಟಿಗರು ಕಣಪ್ಪ. ಯಾವ ಜನ ನೀವು?"

ನಮ್ಮಲ್ಲಿ ಚಿಕ್ಕವನು ತಲೆ ಎತ್ತಿಕೊಂಡೇ ಹೇಳಿದ: "ಎಸ್ಸಿ."

ಯಜಮಾನರು ಬೈಲಿಲ್ಲ, ಗದರಲಿಲ್ಲ. ಅದೇ ನಗು ಮುಖದಲ್ಲಿ, "ಹಂಗಾದ್ರೆ ಇನ್ನೊಂಚೂರು ಮುಂದ್ಕೋಗಿ, ನಿಮ್ಮ ಬೀದಿ ಅದೆ. ಅಲ್ಲಿ ಬೇವಿನ ಮರ ಅದೆ, ನೆಳ್ಳೂ ಚೆನ್ನಾಗದೆ" ಅಂದರು. ನೀರು ಕೇಳಿದ್ವಿ. ಚೊಂಬಲ್ಲಿ ತಂದು, ನಮ್ಮ ಬಾಟ್ಲಿಗೆ ತಾಗದ ಹಾಗೆ ಮೇಲಿನಿಂದ ಹುಯ್ದರು.

ಇಷ್ಟೇ ನಡೆದದ್ದು. ಎಫ್‌ಐಆರ್ ಆಗೋ ಅಂಥದ್ದು ಏನೂ ಇಲ್ಲ. ಆದರೆ ಬೆಂಗಳೂರಿನ ಗೆಳೆಯರು ಹತ್ತು ವರ್ಷದಲ್ಲಿ ನೋಡದೇ ಇದ್ದದ್ದನ್ನ ನಮ್ಮ ಹುಡುಗರು ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ನೋಡಿದರು.

ಇದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ 2022ರ ನವೆಂಬರಲ್ಲಿ ಏನಾಯ್ತು ನೆನಪಿದೆಯಾ? ಮದುವೆಗೆ ಅಂತ ಬೇರೆ ಊರಿಂದ ಬಂದಿದ್ದ ನಮ್ಮ ಹೆಣ್ಣುಮಗಳೊಬ್ಬಳು ದಾರಿ ಬದಿಯ ತೊಂಬೆ ನಲ್ಲೀಲಿ ನೀರು ಕುಡಿದಳು. ಆಮೇಲೆ ತೊಂಬೆಯ ನೀರೆಲ್ಲ ಚೆಲ್ಲಿ, ಗಂಜಲ ಹಾಕಿ ತೊಳೆದರು. ಅವಳ ತಪ್ಪೇನು? ಪರವೂರಿನವಳು. ಯಾವ ನಲ್ಲಿ ಯಾರದು ಅಂತ ಗೊತ್ತಿರಲಿಲ್ಲ. ಸ್ವಂತ ಊರಲ್ಲಿ ನಮಗೆ ಗಡಿ ಎಲ್ಲಿದೆ ಅಂತ ಗೊತ್ತಿರುತ್ತೆ, ಹುಟ್ಟಿದಾಗಿಂದ ಕಲಿತಿರ್ತೀವಿ. ಪ್ರಯಾಣ ಹೊರಟವನಿಗೆ ಆ ನಕ್ಷೆ ಕೈಯಲ್ಲಿ ಇರಲ್ಲ.

ಅದಕ್ಕೇ ಹೇಳ್ತಿರೋದು. ರಸ್ತೆ ಮೇಲೆ ಹೋಗ್ತಾ ಇದ್ರೆ ಜಾತಿ ಸುಮ್ಮನಿರುತ್ತೆ. ಸೈಕಲ್ ಸ್ಟ್ಯಾಂಡ್ ಹಾಕಿದ ತಕ್ಷಣ ಏಳುತ್ತೆ. ಹೋಗೋ ಹಕ್ಕು ಒಂದು ಮಟ್ಟಿಗೆ ಸಿಕ್ಕಿದೆ. ನಿಲ್ಲೋ ಹಕ್ಕು, ನೀರು ಕುಡಿಯೋ ಹಕ್ಕು, ಕತ್ತಲಾದ ಮೇಲೆ ಒಂದು ಕಡೆ ಬೆನ್ನು ಚಾಚೋ ಹಕ್ಕು ಇನ್ನೂ ಸಿಕ್ಕಿಲ್ಲ.

ಇನ್ನು ನಮ್ಮ ಸಂಗಾತಿಗಳ ಮಾತಿಗೆ ಬರ್ತೀನಿ. ಇದು ಶೋಕಿ ಅಂತೀರಲ್ಲ, ಬಾಬಾಸಾಹೇಬರು ತಮ್ಮ ಬದುಕಿನ ಅವಮಾನಗಳನ್ನ ಬರೆಯೋಕೆ ಕೂತಾಗ ಮೊದಲು ಬರೆದದ್ದು ಏನನ್ನ? ಒಂದು ಪ್ರಯಾಣವನ್ನ. 1901, ಒಂಬತ್ತು ವರ್ಷದ ಹುಡುಗ. ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ಗೋರೆಗಾಂವ್‌ನಲ್ಲಿದ್ದ ಅಪ್ಪನ ನೋಡೋಕೆ ಹೊರಟದ್ದು. ಮಸೂರು ಸ್ಟೇಷನ್ನಲ್ಲಿ ಇಳಿದರೆ ಗಾಡಿಯವರು ಹತ್ತಿಸಿಕೊಳ್ಳಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆದುಕೊಂಡು ಹೋದರು. ರಾತ್ರಿ ಸುಂಕದ ಕಟ್ಟೆ ಹತ್ತಿರ ತಂಗಿದರು. ಬುತ್ತಿ ಇತ್ತು, ನೀರು ಸಿಗಲಿಲ್ಲ. ನೀರಿಲ್ಲದೆ ಉಣ್ಣೋಕಾಗದೆ ಹಸಿದೇ ಮಲಗಿದರು. ಆಮೇಲೆ ದೊಡ್ಡ ಬ್ಯಾರಿಸ್ಟರಾಗಿ, 1934ರಲ್ಲಿ ಸಂಗಡಿಗರ ಜೊತೆ ದೌಲತಾಬಾದ್ ಕೋಟೆ ನೋಡೋಕೆ ಹೋದರು. ಬಾಗಿಲ ಹತ್ತಿರದ ಕೊಳದಲ್ಲಿ ಕೈಕಾಲು ಮುಖ ತೊಳೆದದ್ದಕ್ಕೆ, ಕೊಳ ಮೈಲಿಗೆಯಾಯಿತು ಅಂತ ಗಲಾಟೆ. ಅವರು ಅಲ್ಲಿಗೆ ಹೋದದ್ದು ಚಳವಳಿಗಲ್ಲ. ಕೋಟೆ ನೋಡೋಕೆ. ಪ್ರವಾಸಕ್ಕೆ. ಶೋಕಿಗೆ ಅನ್ನಿ ಬೇಕಾದರೆ!

ನಮ್ಮ ಸಂವಿಧಾನದ 15(2)ನೇ ವಿಧಿ ತೆಗೆದು ನೋಡಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕ ಜಾಗ, ಎಲ್ಲ ಒಟ್ಟಿಗೇ ಇವೆ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ ಧರ್ಮಶಾಲೆ, ಮುಸಾಫಿರಖಾನೆ ಅಂತ ಹೆಸರು ಹಿಡಿದು ಬರೆದಿದ್ದಾರೆ. ಪ್ರಯಾಣ ಮಾಡಿದವರಿಗೆ ಗೊತ್ತಿರುತ್ತೆ, ಬರೀ ರಸ್ತೆ ಕೊಟ್ಟರೆ ಸಾಲದು ಅಂತ. ನಮ್ಮೂರ ಹೆಸರಲ್ಲೇ ಛತ್ರ ಇದೆ ನೋಡಿ. ಛತ್ರ ಅಂದರೆ ದಾರಿಹೋಕರು ಇಳಿದುಕೊಳ್ಳೋ ಮನೆ. ಹಳೇ ಮೈಸೂರು ಸೀಮೆ ತುಂಬಾ ಛತ್ರಗಳಿದ್ದವು, ಕಟ್ಟಿಸಿದವರಿಗೆ ಪುಣ್ಯ. ಯಾವ ದಾರಿಹೋಕರಿಗೆ ಅಂತ ನಮ್ಮಜ್ಜಿಯನ್ನ ಕೇಳಬೇಕಿತ್ತು.

ಅಮೆರಿಕದ ಕಪ್ಪು ಜನರಿಗೂ ಇದು ಗೊತ್ತಿತ್ತು. 1897ರಲ್ಲಿ ಅಲ್ಲಿನ 25ನೇ ಪದಾತಿ ದಳದ ಇಪ್ಪತ್ತು ಕಪ್ಪು ಸೈನಿಕರು ಸೈಕಲ್ ಮೇಲೆ ಗುಡಾರ, ರೇಷನ್ನು ಕಟ್ಟಿಕೊಂಡು, ಬೆಟ್ಟ ದಾಟಿ 1,900 ಮೈಲಿ ಹೋದರು, 41 ದಿನ. ಲೋಕದ ದೊಡ್ಡ ಸೈಕಲ್ ಯಾತ್ರೆಗಳಲ್ಲಿ ಅದೂ ಒಂದು. ಇದಾಗಿ ನಲವತ್ತು ವರ್ಷದ ಹತ್ತಿರ, 1936ರಲ್ಲಿ, ಕಪ್ಪು ಜನ ಪ್ರಯಾಣದಲ್ಲಿ ಎಲ್ಲಿ ಇಳಿಯಬಹುದು, ಎಲ್ಲಿ ಉಣ್ಣಬಹುದು ಅಂತ ಪಟ್ಟಿ ಮಾಡಿದ 'ಗ್ರೀನ್ ಬುಕ್' ಬಂತು. ಮೂರು ದಶಕ ಅದು ಬೇಕಾಯಿತು ಅವರಿಗೆ.

ನಮ್ಮವರು ಸೈಕಲ್ ತುಳಿದಿಲ್ಲ ಅಂತಲ್ಲ. ತುಳಿದದ್ದೆಲ್ಲ ಕೂಲಿಗೆ. ನಮ್ಮಪ್ಪ ಗಾರೆ ಕೆಲಸಕ್ಕೆ ಹೋಗ್ತಿದ್ದ ಊರೊಂದರಲ್ಲಿ, ದೊಡ್ಡ ಬೀದಿ ಬಂದ ತಕ್ಷಣ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಬೀದಿ ದಾಟಿದ ಮೇಲೆ ಮತ್ತೆ ಹತ್ತೋದು. ಅಂಥವರ ಮೊಮ್ಮಗ ಸುಮ್ಮನೆ ಬೆಟ್ಟ ನೋಡೋಕೆ, ಖುಷಿಗೆ, ಎಂಬತ್ತು ಕಿಲೋಮೀಟರು ಹತ್ತಿರ ಸೈಕಲ್ ತುಳಿದರೆ ನನಗದು ಹೋರಾಟವೇ. ಭೂಮಿ ಕೇಳೋಣ, ಹುದ್ದೆ ಕೇಳೋಣ. ಬೆಟ್ಟದ ಗಾಳಿಯನ್ನ ಮಾತ್ರ ಅವರಿಗೆ ಬಿಟ್ಟುಕೊಡಬೇಕು ಅಂತ ಯಾರು ಬರೆದಿಟ್ಟರು?

ಸಾಯಂಕಾಲ ಯಳಂದೂರು ದಾಟಿ ಸ್ನೇಹಿತರ ಹೊಲ ಸೇರಿದ್ವಿ. ಮೂರು ಕಲ್ಲಿಟ್ಟು ಒಲೆ ಹೂಡಿ, ಮುದ್ದೆ, ಹುರುಳಿಕಾಳು ಸಾರು. ಮುದ್ದೆ ಗಂಟಾಗಿತ್ತು, ಯಾರೂ ಗೊಣಗಲಿಲ್ಲ. ಎದುರಿಗೆ ಬೆಟ್ಟ ಕಪ್ಪಗೆ ಮಲಗಿತ್ತು. ಮೇಲಕ್ಕೆ ಹೋಗಿ ಟೆಂಟು ಹಾಕೋಣ ಅಂದರೆ ಅದು ಹುಲಿ ಸಂರಕ್ಷಿತ ಪ್ರದೇಶ, ಆನೆ ಓಡಾಡೋ ಜಾಗ. ಆ ನಿಯಮ ಸರಿಯೇ, ನನ್ನ ತಕರಾರಿಲ್ಲ. ಆದರೆ ಅದೇ ಕಾಡೊಳಗೆ ಕೆ.ಗುಡಿಯಲ್ಲಿ ಸರ್ಕಾರದ್ದೇ ಜಂಗಲ್ ಲಾಡ್ಜಸ್‌ನ ಕ್ಯಾಂಪಿದೆ, ಟೆಂಟೂ ಇದೆ. ಒಂದು ರಾತ್ರಿಗೆ ತಲೆಗೆ ಸಾವಿರಗಟ್ಟಲೆ. ಆ ಕಾಡಿನ ಸೋಲಿಗರನ್ನ 70ರ ದಶಕದಲ್ಲಿ ಅಭಯಾರಣ್ಯದ ಹೆಸರಲ್ಲಿ ಅವರ ಪೋಡುಗಳಿಂದ ಎಬ್ಬಿಸಿದರು. ಅವರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಗೋಕೆ 2011 ಬರಬೇಕಾಯ್ತು. ಕಾಡಲ್ಲಿ ಮಲಗೋದು ಹುಟ್ಟಿದವರಿಗೆ ಅತಿಕ್ರಮಣ, ದುಡ್ಡು ಕೊಟ್ಟವರಿಗೆ ಅನುಭವ.

ಬೆಳಿಗ್ಗೆ ಸೈಕಲ್ ಹೊಲದಲ್ಲೇ ಬಿಟ್ಟು ಬಸ್ಸಲ್ಲಿ ಮೇಲಕ್ಕೆ ಹೋದ್ವಿ. ರಂಗನಾಥನಿಗೆ ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಚಪ್ಪಲಿ ಒಪ್ಪಿಸ್ತಾರೆ, ಹೊಲೆಯೋದು ಬೂದಿತಿಟ್ಟಿನ ಮಾದಿಗರು. ದೇವರು ರಾತ್ರಿಯೆಲ್ಲ ಕಾಡು ಸುತ್ತುತ್ತಾನಂತೆ, ಅದಕ್ಕೆ ಚಪ್ಪಲಿ ಸವೆಯುತ್ತಂತೆ. ದೇವರು ಸುತ್ತೋಕೆ ನಮ್ಮವರ ಚಪ್ಪಲಿ ಬೇಕು. ನಾವು ಸುತ್ತಿದರೆ ಶೋಕಿ!

ನಮ್ಮ ಬೇಡಿಕೆ ದೊಡ್ಡದೇನಲ್ಲ. 2006-07ರಲ್ಲಿ ಶುರುವಾಗಿ ಕೋವಿಡ್ ಕಾಲದಲ್ಲಿ ನಿಂತುಹೋದ 8ನೇ ಕ್ಲಾಸಿನ ಸೈಕಲ್ ಮತ್ತೆ ಕೊಡಲಿ. ಬೇಸಿಗೆ, ದಸರಾ ರಜೆಯಲ್ಲಿ ಬೀಗ ಬಿದ್ದಿರೋ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ ಪ್ರಯಾಣ ಬಂದ ಹುಡುಗ ಹುಡುಗಿಯರಿಗೆ ಒಂದು ರಾತ್ರಿ ಚಾಪೆ ಹಾಸೋಕೆ ಜಾಗ ಕೊಡಲಿ. ಕಾಡಂಚಲ್ಲಿ ಕಮ್ಮಿ ದುಡ್ಡಿನ ಕ್ಯಾಂಪು ಆಗಲಿ, ಅದನ್ನ ನಡೆಸೋದು ಸೋಲಿಗರ ಗ್ರಾಮಸಭೆ, ಲಾಭವೂ ಅವರಿಗೇ. ಸಾರ್ವಜನಿಕ ದುಡ್ಡಲ್ಲಿ ಕಟ್ಟಿದ ಪ್ರತಿ ಸಮುದಾಯ ಭವನದ ಮುಂದೆ, ಇದು ಯಾವ ಬೀದಿಯವರದೂ ಅಲ್ಲ ಅಂತ ಪಂಚಾಯ್ತಿ ಬೋರ್ಡು ಹಾಕಲಿ. ಮನವಿ ಟೈಪ್ ಮಾಡಿಟ್ಟಿದ್ದೀನಿ, ಮುಂದಿನ ವಾರ ನಂಜನಗೂಡಲ್ಲಿ ಕೊಡ್ತೀವಿ.

ಅಲ್ಲೀತನಕ ನಮ್ಮ ಹುಡುಗರು ಒಂದು ನೋಟ್‌ಬುಕ್ ಶುರು ಮಾಡಿದ್ದಾರೆ. ಎಲ್ಲಿ ಕೇಳಿದರು, ಎಲ್ಲಿ ಕೇಳದೇ ನೀರು ಕೊಟ್ಟರು, ಎಲ್ಲಿ ರಾತ್ರಿ ಜಾಗ ಸಿಗುತ್ತೆ. ಎರಡು ಪುಟ ಆಗಿದೆ.

ಮುಂದಿನ ಸಲ ತಿ.ನರಸೀಪುರ, ಕೊಳ್ಳೇಗಾಲ, ಹನೂರು ಮೇಲೆ ಮಾದಪ್ಪನ ಬೆಟ್ಟಕ್ಕೆ. ಎರಡು ದಿನದ ದಾರಿ. ಹೆಣ್ಣುಮಕ್ಕಳು ಮೂವರು ಬರ್ತೀವಿ ಅಂದಿದ್ದಾರೆ. ಕೊಳ್ಳೇಗಾಲದ ಹತ್ತಿರ ಎಂಟು ಜನಕ್ಕೆ ರಾತ್ರಿ ಜಾಗ ಕೊಡೋರು ಇದ್ರೆ ನನ್ನ ಇನ್‌ಬಾಕ್ಸಿಗೆ ತಿಳಿಸಿ. ಪಂಪು, ಪಂಕ್ಚರ್ ಸಾಮಾನು ನಮ್ಮ ಹತ್ತಿರ ಇವೆ. ಟಾರ್ಪಾಲು ಇನ್ನೊಂದು ಬೇಕು.