ಟವರ್ ಬರವಲ್ದು

ನಮ್ಮ ಬಳಗದಲ್ಲಿ ಯಾರೇ ಹೊಸ ಮೊಬೈಲ್ ತಗೊಳ್ಳಲಿ, ಮೊದಲು ನನಗೆ ಫೋನ್ ಬರುತ್ತೆ. ‘ತಮ್ಮಾ, ನೀ ಸಾಫ್ಟ್‌ವೇರ್‌ದಾಗ ಇದ್ದಿ, ಯಾವುದು ಛಲೋ ಹೇಳು’ ಅಂತ. ನಾನು ಮಾಡೋದು ಬಿಲ್ಲಿಂಗ್ ಪ್ರೋಗ್ರಾಂ ಬರೆಯೋ ಕೆಲಸ. ಮೊಬೈಲಿಗೂ ನನಗೂ ಇರುವ ಸಂಬಂಧ ಟ್ರ್ಯಾಕ್ಟರ್ ಡ್ರೈವರನಿಗೂ ವಿಮಾನಕ್ಕೂ ಇರುವಷ್ಟೇ. ಆದರೂ ಹೇಳ್ತೀನಿ. ಹೇಳದಿದ್ರೆ ಎಂಜಿನಿಯರಿಂಗ್ ಓದಿಸಿದ್ದೇ ದಂಡ ಅಂತಾರೆ.

ಎರಡು ವರ್ಷದ ಹಿಂದೆ ಅವ್ವನಿಗೆ ಸ್ಮಾರ್ಟ್‌ಫೋನ್ ಕೊಡಿಸುವಾಗಲೂ ಹೀಗೇ ಜಂಬದಿಂದ ಕೂತೆ. ರಾಯಚೂರಿನ ಮನೆಯಲ್ಲೇ ನನ್ನ ಆಫೀಸು. ಕೆಲಸ ಮುಗಿದ ಮೇಲೆ ಒಂದು ಎಕ್ಸೆಲ್ ಶೀಟ್ ಮಾಡಿದೆ. ಸ್ಯಾಮ್‌ಸಂಗ್, ರೆಡ್ಮಿ, ರಿಯಲ್‌ಮಿ, ಮೊಟೊರೊಲಾ, ವಿವೊ ಸೇರಿ ಹನ್ನೊಂದು ಫೋನು. ರ್‍ಯಾಮ್ ಎಷ್ಟು, ಬ್ಯಾಟರಿ ಎಷ್ಟು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, 5ಜಿ ಇದೆಯೋ ಇಲ್ಲವೋ ಅಂತ ಒಂಬತ್ತು ಕಾಲಂ. ಎರಡು ರಾತ್ರಿ ತಲೆ ಕೆಡಿಸಿಕೊಂಡು ಒಂದನ್ನು ಆರಿಸಿದೆ. ಸಿಮ್‌ ವಿಷಯಕ್ಕೆ ಎರಡು ನಿಮಿಷವೂ ಕೊಡಲಿಲ್ಲ. ರಾಯಚೂರಿನಲ್ಲಿ ನನಗೆ ಯಾವುದು ಚೆನ್ನಾಗಿ ಓಡುತ್ತೋ ಅದನ್ನೇ ಅವ್ವನಿಗೂ ಹಾಕಿಸಿದೆ.

ಆ ಶೀಟಿನಲ್ಲಿ ಇಲ್ಲದ ಕಾಲಂ ಒಂದೇ: ಅವ್ವ ಎಲ್ಲಿ ಮಲಗುತ್ತಾಳೆ?

ನಮ್ಮೂರು ದೇವದುರ್ಗದಿಂದ ಒಳಗಡೆ. ಮನೆ ಹಳೇದು, ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮೇ ತಿಂಗಳ ರಾಯಚೂರು ಬಿಸಿಲನ್ನೇ ಒಳಗೆ ಬಿಡದ ಗೋಡೆ ಸಿಗ್ನಲ್ ಬಿಡುತ್ತಾ? ಅವ್ವ ದಿನಾ ಸಂಜೆ ಏಳಕ್ಕೆ ಹನುಮಪ್ಪನ ಗುಡಿ ಕಟ್ಟೆಯಿಂದ ನನಗೆ ಫೋನ್ ಮಾಡೋಳು. ಹಿಂದೆ ಹುಡುಗರ ಗದ್ದಲ, ಗಂಟೆ ಸಪ್ಪಳ ಕೇಳಿಸೋದು. ತಂಪು ಗಾಳಿಗೆ ಕೂತಿದ್ದಾಳೆ ಅಂದ್ಕೊಂಡಿದ್ದೆ ನಾನು.

ಕಳೆದ ಶ್ರಾವಣದಲ್ಲಿ ಒಂದು ರಾತ್ರಿ ಅಪ್ಪನಿಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲೋಕೆ ಶುರುವಾಯ್ತು. ಅವನಿಗೆ ಸಕ್ಕರೆ ಕಾಯಿಲೆ. ಅವತ್ತು ಸರಿಯಾಗಿ ಉಣ್ಣದೆ ಗುಳಿಗೆ ಮಾತ್ರ ನುಂಗಿದ್ದ. ಅವ್ವ ಫೋನ್ ಹಿಡ್ಕೊಂಡು ಪಡಸಾಲೆ, ಅಡುಗೆಮನೆ, ಅಂಗಳ ಎಲ್ಲಾ ಸುತ್ತಿದ್ದಾಳೆ. ಹತ್ತಲೇ ಇಲ್ಲ. ಜಿಟಿಜಿಟಿ ಮಳೆಯಲ್ಲಿ ಗುಡಿ ಕಟ್ಟೆಗೆ ಹೋದರೆ ಅಲ್ಲೂ ಅವತ್ತು ಕೈಕೊಟ್ಟಿದೆ. ಕೊನೆಗೆ ಬಾಜೂ ಮನೆ ಅಜ್ಜಿಯನ್ನು ಎಬ್ಬಿಸಿದಳು. ಅಜ್ಜಿ ತನ್ನ ಕೀಪ್ಯಾಡ್ ಫೋನ್ ತಂದು, ನಮ್ಮ ಪಡಸಾಲೆಯಲ್ಲೇ ನಿಂತು ನನಗೆ ಹಚ್ಚಿದಳು. ಒಂದೇ ಸಲಕ್ಕೆ ಹತ್ತಿತು. ಅಪ್ಪನಿಗೆ ಎಚ್ಚರ ಇತ್ತು, ನುಂಗೋಕೆ ಬರ್ತಿತ್ತು. ಸಕ್ಕರೆ ನೀರು ಕುಡಿಸಿ ಅಂದೆ, 108ಕ್ಕೂ ಹೇಳಿದೆವು. ಗಾಡಿ ಬರೋಷ್ಟರಲ್ಲಿ ಅಪ್ಪ ಎದ್ದು ಕೂತು ‘ಯಾಕ ಇಷ್ಟು ಮಂದಿ ಕೂಡೀರಿ?’ ಅಂತ ಕೇಳ್ತಿದ್ದ.

ಬೆಳಿಗ್ಗೆ ನಾನು ಊರು ಮುಟ್ಟಿದಾಗ ಅವ್ವ ಅಂದದ್ದು ಇಷ್ಟು: ‘ಇಪ್ಪತ್ತು ನಿಮಿಷ ನಿಮ್ಮಪ್ಪನ್ನ ಒಬ್ಬನ್ನೇ ಬಿಟ್ಟು ಟವರ್ ಹುಡುಕ್ಕೋತ ಅಡ್ಡಾಡೀನಿ ಯಪ್ಪಾ.’

‘ಮನ್ಯಾಗ ಟವರ್ ಬರವಲ್ದು ಅಂತ ಮೊದ್ಲೇ ಯಾಕ ಹೇಳ್ಲಿಲ್ಲಬೇ?’

‘ನೀ ಅಷ್ಟು ರೊಕ್ಕ ಕೊಟ್ಟು ತಂದಿದ್ದಿ. ಹೆಂಗ ಹೇಳ್ಲಿ?’

ಅವತ್ತೇ ಕೂತು ಮಾಡಬೇಕಾಗಿದ್ದ ಕೆಲಸ ಮಾಡಿದೆ. ಬೇರೆ ಬೇರೆ ಕಂಪನಿಯ ಮೂರು ಸಿಮ್ ಇಸ್ಕೊಂಡು, ಒಂದಾದ ಮೇಲೊಂದು ಒಂದೇ ಫೋನಿಗೆ ಹಾಕಿ ಮನೆ ಸುತ್ತಿದೆ. ಒಂದೇ ಫೋನಿಗೆ ಯಾಕೆ ಅಂದ್ರೆ, ಫೋನ್ ಬದಲಾದರೆ ಆಂಟೆನಾನೂ ಬದಲಾಗುತ್ತೆ, ಹೋಲಿಕೆ ಕೆಡುತ್ತೆ. ಮೇಲಿನ ಕಡ್ಡಿಗಳನ್ನು ಮಾತ್ರ ನಂಬಬೇಡಿ. ಎಷ್ಟು ಸಿಗ್ನಲಿಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನೋದು ಫೋನ್ ಮಾಡಿದವರ ಇಷ್ಟ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ಒತ್ತಿದರೆ ಸಿಗ್ನಲ್ ಸ್ಟ್ರೆಂತ್ ಅಂತ ಒಂದು ಸಂಖ್ಯೆ ಸಿಗುತ್ತೆ, ಹಿಂದೆ ಮೈನಸ್ ಇರುತ್ತೆ, ಮುಂದೆ ಡಿಬಿಎಂ ಅಂತಿರುತ್ತೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚಿಂತೆಯಿಲ್ಲ, ಮೈನಸ್ 115 ದಾಟಿದರೆ ಮಾತು ಕಡಿಯೋಕೆ ಶುರು.

ಅವ್ವನ ಮಂಚದ ಹತ್ತಿರ ನಾನು ಆರಿಸಿಕೊಟ್ಟ ಸಿಮ್ ತೋರಿಸಿದ್ದು ಮೈನಸ್ 118. ಅಜ್ಜಿಯ ಕಂಪನಿಯದು ಮೈನಸ್ 98. ಇಪ್ಪತ್ತೇ ವ್ಯತ್ಯಾಸ ಅನ್ಸುತ್ತೆ. ಆದರೆ ಈ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು. ಮಂಚದ ಪಕ್ಕ ನೂರು ಪಟ್ಟು ಹೆಚ್ಚು ಸಿಗ್ನಲ್ ಬಿಟ್ಟು ನಾನು ಮೆಗಾಪಿಕ್ಸೆಲ್ ಎಣಿಸ್ತಾ ಕೂತಿದ್ದೆ.

ಯಾವ ಕಂಪನಿ ಅಂತ ಹೇಳಲ್ಲ. ಹೇಳಿದರೂ ಉಪಯೋಗವಿಲ್ಲ, ನಿಮ್ಮೂರಲ್ಲಿ ಅದು ಉಲ್ಟಾ ಇರಬಹುದು. ಟವರ್ ಎಷ್ಟು ದೂರ, ಯಾವ ತರಂಗ, ನಡುವೆ ಗುಡ್ಡ ಇದೆಯಾ, ಗೋಡೆ ಎಂಥದ್ದು ಅನ್ನೋದರ ಮೇಲೆ ಹೋಗುತ್ತೆ. 700, 850, 900 ಮೆಗಾಹರ್ಟ್ಜ್‌ನ ತರಂಗಗಳು ದೂರ ಹೋಗ್ತವೆ, ಗೋಡೆಯನ್ನೂ ಅಷ್ಟಿಷ್ಟು ದಾಟ್ತವೆ. 2300 ಮೆಗಾಹರ್ಟ್ಜ್‌ನದು ವೇಗ ಕೊಡುತ್ತೆ, ಗೋಡೆ ಕಂಡರೆ ಸುಸ್ತಾಗುತ್ತೆ. ಟ್ರಾಯ್ ಕಡ್ಡಾಯ ಮಾಡಿದ ಮೇಲೆ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಕವರೇಜ್ ನಕ್ಷೆ ಹಾಕಿವೆ. ಸಿಮ್ ಕೊಳ್ಳೋ ಮೊದಲು ನೋಡಿ. ಆದರೆ ನಮ್ಮ ಮಾಳಿಗೆ ಮನೆಯ ಗೋಡೆ ಎಷ್ಟು ದಪ್ಪ ಅಂತ ನಕ್ಷೆಗೆ ಗೊತ್ತಿಲ್ಲ.

ಹೊಸ ಸಿಮ್ ತರ್ತೀನಿ ಅಂದ್ರೆ ಅವ್ವ ಒಪ್ಪಲಿಲ್ಲ. ಗುಳೆ ಹೋದ ಕಾಕಾನ ಮಕ್ಕಳು ಬೆಂಗಳೂರಿಂದ ಇದೇ ನಂಬರಿಗೆ ಮಾಡೋದು, ಬ್ಯಾಂಕಿನಲ್ಲೂ ಇದೇ ಇರೋದು. ಸರಿ, ಪೋರ್ಟ್ ಮಾಡಿಸಿದೆ. ದೇಶದಾದ್ಯಂತ ಈ ಅನುಕೂಲ ಬಂದದ್ದು 2011ರ ಜನವರಿಯಲ್ಲಿ, ನಮ್ಮೂರಲ್ಲಿ ಇನ್ನೂ ಎಷ್ಟೋ ಜನ ಕಂಪನಿ ಬದಲಾದರೆ ನಂಬರೂ ಹೋಗುತ್ತೆ ಅಂದ್ಕೊಂಡಿದ್ದಾರೆ. ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು, ಒಂದು ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ. ಎಂಟು ಅಕ್ಷರದ ಕೋಡ್ ಬರುತ್ತೆ. ನಾಲ್ಕು ದಿನದೊಳಗೆ ಆ ಕೋಡು, ಆಧಾರ್ ತಗೊಂಡು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಸಿಮ್ ತಗೊಂಡು 90 ದಿನ ಆಗಿರಬೇಕು. ಇತ್ತೀಚೆಗೆ ಸಿಮ್ ಕಳೆದು ಬದಲಿ ತಗೊಂಡಿದ್ದರೆ ಏಳು ದಿನ ಕಾಯಬೇಕು, ಈ ನಿಯಮ 2024ರ ಜುಲೈಯಿಂದ ಇದೆ. ಆ ಮೆಸೇಜ್ ಕಳಿಸೋಕೂ ನಾನು ಗುಡಿ ಕಟ್ಟೆಗೇ ಹೋಗಬೇಕಾಯ್ತು ಅನ್ನೋದು ಬೇರೆ ಮಾತು.

ಫೋನ್ ಅದೇ ಉಳಿಯಿತು. ಹೊಸದು ಕೊಂಡದ್ದು ಅಪ್ಪನಿಗೆ, ಅದೂ ಕೀಪ್ಯಾಡ್, 4ಜಿಯದು. ಇಲ್ಲೊಂದು ಹಳೇ ಪಾಠ ಕೆಲಸಕ್ಕೆ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾದಾಗ ನಾನು ಕಾಲೇಜಿನಲ್ಲಿದ್ದೆ. ಫ್ರೀ ಸಿಮ್ಮಿಗೆ ಸಾಲಿನಲ್ಲಿ ನಿಂತು ತಂದು ಅಪ್ಪನ ಹಳೇ ಕೀಪ್ಯಾಡ್ ಫೋನಿಗೆ ತುರುಕಿದೆ. ಸಿಗ್ನಲ್ಲೇ ಇಲ್ಲ. ಜಿಯೋದಲ್ಲಿ 2ಜಿ ಇಲ್ಲ, ಮಾತೂ 4ಜಿಯ ಮೇಲೇ ಹೋಗುತ್ತೆ ಅನ್ನೋದು ಭಾವಿ ಎಂಜಿನಿಯರಿಗೆ ಗೊತ್ತಿರಲಿಲ್ಲ. ಹಳೇ 2ಜಿ ಫೋನ್ ಇಟ್ಟುಕೊಂಡವರು ಸಿಮ್ ಬದಲಿಸೋ ಮೊದಲು ಇದನ್ನು ಕೇಳಿಕೊಳ್ಳಿ. ಅಪ್ಪನಿಗೆ ಬೇಕಂತಲೇ ಬೇರೆ ಕಂಪನಿಯ ಸಿಮ್ ಹಾಕಿಸಿದ್ದೀನಿ, ಒಂದು ಹೋದರೆ ಇನ್ನೊಂದಿರಲಿ ಅಂತ. 2024ರ ಜುಲೈಯಲ್ಲಿ ರೀಚಾರ್ಜ್ ದರ ಏರಿದಾಗಿನಿಂದ ಎರಡು ಸಿಮ್ ಸಾಕೋದು ಭಾರವೇ. ಆದರೆ ಟ್ರಾಯ್ ಆದೇಶದಿಂದ 2025ರಲ್ಲಿ ಬರೀ ಮಾತು, ಮೆಸೇಜಿನ ಪ್ಯಾಕುಗಳು ಬಂದವು. ಡೇಟಾ ಬೇಡದವರು ಅಂಗಡಿಯವನನ್ನು ಬಾಯಿ ಬಿಟ್ಟು ಕೇಳಬೇಕು, ಅವನಾಗೇ ಹೇಳೋದಿಲ್ಲ.

ಮಾನ್ವಿ ಹತ್ತಿರದ ಹಳ್ಳಿಗೆ ಕೊಟ್ಟ ಅಕ್ಕನದು ಬೇರೆಯೇ ಕತೆ. ಅಲ್ಲಿ ಸಿಗ್ನಲ್ ಭರ್ತಿ, ಫೋನೂ ಒಳ್ಳೇದೇ. ‘ನಂಗೊಂದು ಹೊಸ ಫೋನ್ ಬೇಕೋ ತಮ್ಮಾ’ ಅಂದಾಗ ಇರೋದಕ್ಕೇನಾಗಿದೆ ಅಂತ ಕೇಳಿದೆ. ಫೋನಿಗೆ ಏನೂ ಆಗಿರಲಿಲ್ಲ. ಗೃಹಲಕ್ಷ್ಮಿ ದುಡ್ಡಿನ ಮೆಸೇಜು, ಸಂಘದ ಸಾಲದ ಮೆಸೇಜು, ಬ್ಯಾಂಕಿನ ಓಟಿಪಿ ಎಲ್ಲಾ ಭಾವನ ನಂಬರಿಗೆ. ಭಾವ ರೈಸ್ ಮಿಲ್ಲಿನಲ್ಲಿ, ಮಷಿನ್ ಸಪ್ಪಳದಲ್ಲಿ ಫೋನ್ ಕೇಳಿಸಲ್ಲ. ಅವನು ಎತ್ತಿ ಓಟಿಪಿ ಓದಿ ಹೇಳೋಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತೆ. ಅಕ್ಕನ ಕೈಯಲ್ಲಿದ್ದ ಸಿಮ್ಮೂ ಭಾವನ ಹೆಸರಿನದೇ. ನಲವತ್ತಕ್ಕೆ ಹತ್ತಿರ ಬಂದವಳ ಹೆಸರಲ್ಲಿ ಒಂದು ನಂಬರಿಲ್ಲ. ಅವಳ ಆಧಾರ್ ಕೊಟ್ಟು ಅವಳ ಹೆಸರಲ್ಲೇ ಸಿಮ್ ತಗೊಂಡೆವು, ಮಾನ್ವಿಯ ಬ್ಯಾಂಕಿಗೆ ಎರಡು ಸಲ ಅಲೆದು ನಂಬರ್ ಬದಲಿಸಿದೆವು. ಭಾವ ಮೊದಲು ಮುಖ ಊದಿಸಿದ. ಈಗ ಮಧ್ಯಾಹ್ನ ಯಾರೂ ಫೋನ್ ಮಾಡಿ ಕಾಡಲ್ಲ ಅಂತ ಅವನೇ ಖುಷಿ.

ಅವ್ವ ಈಗ ಏಳು ಗಂಟೆಗೆ ಕಾಯೋದಿಲ್ಲ. ಮನಸ್ಸಿಗೆ ಬಂದಾಗ ಒಲೆ ಮುಂದೆ ಕೂತೇ ಹಚ್ಚುತ್ತಾಳೆ, ರೊಟ್ಟಿ ಬಡಿಯೋ ಸಪ್ಪಳದ ನಡುವೆ ಮಾತು. ಆಫೀಸ್ ಮೀಟಿಂಗ್ ನಡುವೆ ಬಂದರೂ ಎತ್ತುತ್ತೀನಿ. ನಿನ್ನೆ ಮಾಡಿದ್ದು ಬೇರೆ ಕೆಲಸಕ್ಕೆ: ‘ಅಮಾಸಿಗಿ ಬರ್ತಿಯಲ್ಲ, ಆ ಮೂರು ಸಿಮ್ ತಗೊಂಡ್ ಬಾ. ಗುಡಿ ಹಿಂದಿನ ಓಣ್ಯಾಗ ನಾಕು ಮನಿಯವ್ರು ಕೇಳ್ಯಾರ. ಎಲ್ಲಾರ ಮಂಚದ ಹತ್ರಾನೂ ನೋಡಬೇಕಂತ.’