ಎರಡು ವರ್ಷದ ಅಕ್ಕತಂಗಿಯರು

ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ. ಪಕ್ಕದ ಬಟ್ಟಲಲ್ಲಿ ಒಂದಿಷ್ಟು ಬಿಳಿ ಗೋಲಿ, ಒಂದಿಷ್ಟು ಕರಿ ಗೋಲಿ. ಸದಸ್ಯೆಯರು ಒಬ್ಬೊಬ್ಬರಾಗಿ ಎದ್ದುಹೋಗಿ, ಯಾರಿಗೂ ಕಾಣದಂತೆ ಒಂದೊಂದು ಗೋಲಿಯನ್ನು ಪೆಟ್ಟಿಗೆಯೊಳಕ್ಕೆ ಹಾಕಿ ಬರುತ್ತಾರೆ. ಕೊನೆಗೆ ಪೆಟ್ಟಿಗೆ ತೆರೆದಾಗ ಕರಿ ಗೋಲಿ ಕಂಡಿತೋ, ಸಂಘಕ್ಕೆ ಸೇರಬಯಸಿದ ಹುಡುಗಿಯ ಕಥೆ ಅಲ್ಲಿಗೆ ಮುಗಿಯಿತು. ಯಾರು ಹಾಕಿದ್ದು, ಏಕೆ ಹಾಕಿದ್ದು ಎಂದು ಕೇಳುವಂತಿಲ್ಲ. ಗುಪ್ತ ಮತದಾನದ ಈ ಹಳೆಯ ಪದ್ಧತಿ ಅಮೆರಿಕದ ಕಾಲೇಜು ಸಂಘಗಳಲ್ಲಿ ಬಹುಕಾಲ ನಡೆಯಿತು. ಗಂಡುಮಕ್ಕಳ ಸಂಘಕ್ಕೆ ಫ್ರೆಟರ್ನಿಟಿ ಎಂದು ಹೆಸರು, ಹೆಣ್ಣುಮಕ್ಕಳದಕ್ಕೆ ಸೊರೊರಿಟಿ.

ಲ್ಯಾಟಿನ್ನಿನಲ್ಲಿ ಸೊರೊರ್ ಎಂದರೆ ಸೋದರಿ. 1874ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಗ್ಯಾಮಾ ಫೈ ಬೀಟಾ ಎಂಬ ಸಂಘಕ್ಕೆ ಈ ಪದವನ್ನು ಹೊಂದಿಸಿಕೊಟ್ಟವರು ಅಲ್ಲಿನ ಲ್ಯಾಟಿನ್ ಅಧ್ಯಾಪಕ ಫ್ರಾಂಕ್ ಸ್ಮಾಲಿ. ಹುಡುಗಿಯರ ಸಂಘವನ್ನು ಭ್ರಾತೃತ್ವ ಎಂದು ಕರೆಯುವುದು ಅವರಿಗೆ ಸರಿಕಾಣಲಿಲ್ಲ. ಸಂಘಗಳು ಮಾತ್ರ ಪದಕ್ಕಿಂತ ಹಳೆಯವು. ಜಾರ್ಜಿಯಾದ ಮೇಕನ್ ಊರಿನ ಮಹಿಳಾ ಕಾಲೇಜಿನಲ್ಲಿ 1851ರಲ್ಲೇ ಒಂದು ಗೋಪ್ಯ ಸಂಘವಿತ್ತು. 1867ರಲ್ಲಿ ಇಲಿನಾಯ್ ರಾಜ್ಯದ ಮಾನ್ಮತ್ ಕಾಲೇಜಿನ ಹುಡುಗಿಯರು ಐ.ಸಿ. ಸೊರೊಸಿಸ್ ಕಟ್ಟಿದರು. ಹುಡುಗರೇ ತುಂಬಿದ್ದ ತರಗತಿಗಳಲ್ಲಿ ಬೆರಳೆಣಿಕೆಯ ಹುಡುಗಿಯರು. ಹುಡುಗರ ಸಂಘಗಳು ಅವರನ್ನು ಒಳಗೆ ಬಿಡುತ್ತಿರಲಿಲ್ಲ. ತಮಗೆ ಮುಚ್ಚಿದ ಬಾಗಿಲಿನ ಎದುರು ಅವರು ತಮ್ಮದೇ ಮನೆ ಕಟ್ಟಿಕೊಂಡರು. ಆ ಮನೆಗೂ ಬೇಗನೆ ಬಾಗಿಲು, ಬೀಗ ಎಲ್ಲ ಬಂದವು ಎಂಬುದು ಮುಂದಿನ ಸಂಗತಿ.

ನಾಲ್ಕು ವರ್ಷದ ದೊಡ್ಡ ವಿಶ್ವವಿದ್ಯಾಲಯಗಳ ಸೊರೊರಿಟಿಗಳ ಬಗ್ಗೆ ಸಿನಿಮಾಗಳಿಂದಲಾದರೂ ಹಲವರಿಗೆ ಗೊತ್ತು. ಜೂನಿಯರ್ ಕಾಲೇಜುಗಳಲ್ಲೂ ಇವು ಇದ್ದವು, ಒಂದು ಕಾಲಕ್ಕೆ ಮೆರೆದವು ಎಂಬುದು ಅಮೆರಿಕದವರಲ್ಲೇ ಅನೇಕರಿಗೆ ಮರೆತುಹೋಗಿದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಜೂನಿಯರ್ ಕಾಲೇಜು ಎಂದರೆ ಪಿಯುಸಿ. ಅಂದರೆ ಹನ್ನೊಂದು, ಹನ್ನೆರಡನೆಯ ತರಗತಿ. ಅಮೆರಿಕದ ಜೂನಿಯರ್ ಕಾಲೇಜು ಹನ್ನೆರಡನೆಯ ತರಗತಿ ಮುಗಿದ ಮೇಲಿನದು. ಅದು ಪದವಿಯ ಮೊದಲೆರಡು ವರ್ಷ. ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ತಮ್ಮ ಸಂಸ್ಥೆಯ ನಾಲ್ಕು ವರ್ಷದ ಓದನ್ನು ಎರಡು ಪಾಲು ಮಾಡಿ, 1896ರಿಂದ ಮೊದಲರ್ಧಕ್ಕೆ ಜೂನಿಯರ್ ಕಾಲೇಜು ಎಂಬ ಹೆಸರಿಟ್ಟರು. ಆ ಮೊದಲರ್ಧವನ್ನು ಊರೂರಿನಲ್ಲೇ ಏಕೆ ಕಲಿಸಬಾರದು ಎಂಬುದು ಅವರ ಪ್ರಶ್ನೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನ ಹೈಸ್ಕೂಲಿನಲ್ಲಿ ಅಂಥ ತರಗತಿ ಆರಂಭವಾಯಿತು. ಇಂದೂ ನಡೆಯುತ್ತಿರುವ ಸಾರ್ವಜನಿಕ ಜೂನಿಯರ್ ಕಾಲೇಜುಗಳಲ್ಲಿ ಅದೇ ಅತ್ಯಂತ ಹಳೆಯದು.

ಅದೇ 1901ರಲ್ಲಿ ಪಕ್ಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಇನ್ನೊಂದು ಆರಂಭ. ಕೊಲಂಬಿಯಾ ವಿದ್ಯಾನಗರ; ರಾಜ್ಯದ ವಿಶ್ವವಿದ್ಯಾಲಯ ಅಲ್ಲೇ ಇದೆ. ಅದರ ಜತೆಗೆ ಸ್ಟೀಫನ್ಸ್ ಮತ್ತು ಕ್ರಿಶ್ಚಿಯನ್ ಕಾಲೇಜು ಎಂಬ ಎರಡು ಹಳೆಯ ಮಹಿಳಾ ಕಾಲೇಜುಗಳೂ ಇದ್ದವು. ಕ್ರಿಶ್ಚಿಯನ್ ಕಾಲೇಜಿನ ಹುಡುಗಿಯರು 1901ರಲ್ಲಿ ಈಟಾ ಅಪ್ಸಿಲಾನ್ ಗ್ಯಾಮಾ ಎಂಬ ಸೊರೊರಿಟಿ ಕಟ್ಟಿದರು. ಇದೇ ಊರಿನಲ್ಲಿ 1888ರಲ್ಲೇ ಹುಟ್ಟಿದ್ದ ಬೀಟಾ ಸಿಗ್ಮಾ ಒಮಿಕ್ರಾನ್ ಕೂಡ ಇಂಥ ಮಹಿಳಾ ಕಾಲೇಜುಗಳಲ್ಲೇ ಶಾಖೆ ತೆರೆಯುತ್ತ ಹೋಯಿತು. ಸ್ಟೀಫನ್ಸ್, ಕ್ರಿಶ್ಚಿಯನ್‌ನಂಥ ಕಾಲೇಜುಗಳು ಮುಂದೆ ವಿಧ್ಯುಕ್ತವಾಗಿ ಎರಡು ವರ್ಷದ ಜೂನಿಯರ್ ಕಾಲೇಜುಗಳಾದಾಗ, ಗ್ರೀಕ್ ಅಕ್ಷರದ ಸಂಘಗಳೂ ಜೂನಿಯರ್ ಕಾಲೇಜು ಸೊರೊರಿಟಿ ಎನಿಸಿಕೊಂಡವು.

ಹೆಸರುಗಳೆಲ್ಲ ಗ್ರೀಕ್ ವರ್ಣಮಾಲೆಯವು. ಓದುತ್ತಿದ್ದ ಹುಡುಗಿಯರಲ್ಲಿ ಗ್ರೀಕ್ ಬಲ್ಲವರು ಎಷ್ಟು ಮಂದಿಯೋ! ಗುಟ್ಟಿನ ಧ್ಯೇಯವಾಕ್ಯ, ಗುಟ್ಟಿನ ಕೈಕುಲುಕು, ರವಿಕೆಯ ಮೇಲೆ ಚಿಕ್ಕದೊಂದು ಬ್ಯಾಡ್ಜು. ವರ್ಷದ ಆರಂಭದಲ್ಲಿ ರಷ್ ಎಂಬ ಸಡಗರ. ಹಳೆಯ ಸದಸ್ಯೆಯರು ಹೊಸಬರನ್ನು ಚಹಾಕೂಟಕ್ಕೆ ಕರೆದು, ನಡೆ ನುಡಿ ಉಡುಪುಗಳನ್ನು ಅಳೆಯುತ್ತಿದ್ದರು. ಹೆಣ್ಣು ನೋಡುವ ಶಾಸ್ತ್ರ ಕಂಡವರಿಗೆ ಇದರ ಬಿಸಿ ಸುಲಭವಾಗಿ ಅರ್ಥವಾದೀತು. ಒಪ್ಪಿಗೆಯಾದವಳಿಗೆ ಆಹ್ವಾನ ಪತ್ರ, ನಂತರ ಕೆಲ ಕಾಲ ಉಮೇದುವಾರಿಕೆ, ಆಮೇಲೆ ದೀಕ್ಷೆ. ಆಹ್ವಾನ ಬಾರದವಳು ಅದೇ ಹಾಸ್ಟೆಲಿನಲ್ಲಿ, ಅದೇ ಊಟದ ಮೇಜಿನಲ್ಲಿ ಉಳಿದೆರಡು ವರ್ಷ ಕಳೆಯಬೇಕು.

ಹಾಗೆಂದು ಇವನ್ನು ಬರೀ ಸಿರಿವಂತರ ಆಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹದಿನೆಂಟರ ಹುಡುಗಿ ರೈಲು ಹತ್ತಿ ನೂರಾರು ಮೈಲಿ ದೂರದ ಊರಿಗೆ ಬರುತ್ತಿದ್ದ ಕಾಲ ಅದು. ಜ್ವರ ಬಂದರೆ ಪಕ್ಕದಲ್ಲಿ ಕೂರುವವರು, ಅತ್ತರೆ ಕೇಳುವವರು ಬೇಕಲ್ಲ? ಸಭೆ ನಡೆಸುವುದು, ಲೆಕ್ಕ ಬರೆಯುವುದು, ನಾಲ್ಕು ಜನರೆದುರು ಮಾತಾಡುವುದು ಇವನ್ನೂ ಹುಡುಗಿಯರು ಸಂಘದಲ್ಲೇ ಕಲಿತರು. ಅಮೆರಿಕದ ಹೆಣ್ಣುಮಕ್ಕಳಿಗೆ ದೇಶದಾದ್ಯಂತ ಮತದ ಹಕ್ಕು ಬಂದದ್ದು 1920ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಈ ಹುಡುಗಿಯರು ತಮ್ಮ ಅಧ್ಯಕ್ಷೆಯನ್ನು ಮತ ಹಾಕಿ ಆರಿಸುತ್ತಿದ್ದರು. ಕರಿ ಗೋಲಿಯೂ ಅದೇ ಮತದಾನದ ಇನ್ನೊಂದು ಮುಖ.

1922ರಲ್ಲಿ ಸ್ಟೀಫನ್ಸ್ ಕಾಲೇಜಿಗೆ ಲೂಸಿಲ್ ಲಸೂಯರ್ ಎಂಬ ಹುಡುಗಿ ಸೇರಿದಳು. ಮನೆಯಲ್ಲಿ ಅನುಕೂಲವಿರಲಿಲ್ಲ. ಖರ್ಚು ನಿಭಾಯಿಸಲು ಊಟದ ಮನೆಯಲ್ಲಿ ಸಹಪಾಠಿಗಳಿಗೆ ಬಡಿಸುವ ಕೆಲಸ. ಕೆಲವೇ ತಿಂಗಳಲ್ಲಿ ಕಾಲೇಜು ಬಿಟ್ಟಳು. ಮುಂದೆ ಹಾಲಿವುಡ್ಡಿನಲ್ಲಿ ಜೋನ್ ಕ್ರಾಫರ್ಡ್ ಎಂಬ ಹೆಸರಿನಿಂದ ಆಸ್ಕರ್ ಪಡೆದವಳು ಇವಳೇ. ಚಹಾಕೂಟಕ್ಕೆ ಕರೆಸಿಕೊಳ್ಳುವ ಹುಡುಗಿಯರಿಗೂ ಬಡಿಸುವ ಹುಡುಗಿಯರಿಗೂ ಅಂಥ ಕಾಲೇಜುಗಳಲ್ಲಿ ಎಷ್ಟು ಅಂತರವಿತ್ತೆಂದು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ.

ಹಣದ ಬೇಲಿ ಒಂದೇ ಅಲ್ಲ, ಜನಾಂಗ ಮತ್ತು ಮತದ ಬೇಲಿಗಳೂ ಇದ್ದವು. ಸೊರೊರಿಟಿ ಲೋಕದಲ್ಲಿ ಬಿಳಿಯರಲ್ಲದವರಿಗೆ, ಯಹೂದಿಗಳಿಗೆ ಹೆಚ್ಚಿನ ಬಾಗಿಲುಗಳು ಮುಚ್ಚಿದ್ದವು. 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಕಪ್ಪು ಹುಡುಗಿಯರು ಆಲ್ಫಾ ಕಪ್ಪಾ ಆಲ್ಫಾ ಕಟ್ಟಿದರು. ಮರುವರ್ಷ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಯಹೂದಿ ಹುಡುಗಿಯರು ಆಲ್ಫಾ ಎಪ್ಸಿಲಾನ್ ಫೈ ಕಟ್ಟಿದರು. ಮಾನ್ಮತ್‌ನಲ್ಲಿ ನಡೆದದ್ದೇ ಮತ್ತೆ ನಡೆಯಿತು. ಹೊರಗಿಟ್ಟವರು ಮಾತ್ರ ಈಗ ಹುಡುಗಿಯರೇ.

ಜೂನಿಯರ್ ಕಾಲೇಜಿನ ಸಂಘಗಳಿಗೆ ಇವೆಲ್ಲದರ ಜತೆಗೆ ಇನ್ನೊಂದು ತೊಡಕಿತ್ತು, ಅದು ಬರೀ ಲೆಕ್ಕಾಚಾರದ್ದು. ನಾಲ್ಕು ವರ್ಷದ ಕಾಲೇಜಿನಲ್ಲಿ ಮೊದಲ ವರ್ಷ ಸೇರಿದವಳು ಕೊನೆಯ ವರ್ಷದ ಹೊತ್ತಿಗೆ ಹಿರಿಯಕ್ಕ. ಎರಡು ವರ್ಷದ ಕಾಲೇಜಿನಲ್ಲಿ ಶರತ್ಕಾಲದಲ್ಲಿ ಬಂದವಳು ರಷ್, ಉಮೇದುವಾರಿಕೆ, ದೀಕ್ಷೆ ಮುಗಿಸುವಷ್ಟರಲ್ಲಿ ವರ್ಷವೇ ಕಳೆದಿರುತ್ತದೆ. ರಜೆ ಮುಗಿಸಿ ಬಂದರೆ ಅವಳೇ ಹಿರಿಯಳು, ಅವಳೇ ಗೋಲಿ ಹಾಕುವವಳು. ಇನ್ನೊಂದು ಬೇಸಿಗೆಗೆ ಅವಳೂ ಇಲ್ಲ. ಪ್ರತಿ ವರ್ಷ ಅರ್ಧ ಮನೆ ಖಾಲಿ.

ಮುಂದೆ ಓದಲು ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋದವಳಿಗೆ ಅಲ್ಲಿ ಇನ್ನೊಂದು ಪಾಠ. 1902ರಿಂದ ರಾಷ್ಟ್ರೀಯ ಸೊರೊರಿಟಿಗಳಿಗೆ ಪ್ಯಾನ್‌ಹೆಲೆನಿಕ್ ಸಮ್ಮೇಳನ ಎಂಬ ಒಕ್ಕೂಟವಿತ್ತು. ಅದು ನಾಲ್ಕು ವರ್ಷದ ಕಾಲೇಜುಗಳ ಕೂಟ. ಎರಡು ವರ್ಷ ಹೆಮ್ಮೆಯಿಂದ ತೊಟ್ಟ ಬ್ಯಾಡ್ಜಿಗೆ ಅಲ್ಲಿ ಬೆಲೆಯಿಲ್ಲ. ಬೀಟಾ ಸಿಗ್ಮಾ ಒಮಿಕ್ರಾನ್ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿತು. 1920ರ ದಶಕದಲ್ಲಿ ಅದು ಜೂನಿಯರ್ ಕಾಲೇಜುಗಳನ್ನು ಬಿಟ್ಟು ನಾಲ್ಕು ವರ್ಷದ ಕಾಲೇಜುಗಳ ಕಡೆಗೆ ಹೊರಳಿತು. 1933ರಲ್ಲಿ ಒಕ್ಕೂಟದ ಪೂರ್ಣ ಸದಸ್ಯತ್ವವನ್ನೂ ಗಳಿಸಿತು. ತಾನು ಬೆಳೆದ ತವರನ್ನು ತೊರೆದು ಹೋದ ಈ ಸಂಘ ಹೊಸ ಮನೆಯಲ್ಲೂ ಬಹುಕಾಲ ಬಾಳಲಿಲ್ಲ. 1964ರಲ್ಲಿ ಝೀಟಾ ಟಾವ್ ಆಲ್ಫಾದಲ್ಲಿ ಲೀನವಾಯಿತು.

ಮಿಸೌರಿಯ ಮಹಿಳಾ ಜೂನಿಯರ್ ಕಾಲೇಜುಗಳಿಂದಲೇ ಇನ್ನೊಂದು ಗ್ರೀಕ್ ಹೆಸರು ಹೊರಟಿತ್ತು. ಅದರ ಬಾಗಿಲು ಬೇರೆ ಬಗೆಯದು. 1776ರಷ್ಟು ಹಳೆಯದಾದ ಫೈ ಬೀಟಾ ಕಪ್ಪಾ ಎಂಬ ವಿದ್ವತ್ ಸಂಘ ನಾಲ್ಕು ವರ್ಷದ ಕಾಲೇಜುಗಳ ಪ್ರತಿಭಾವಂತರನ್ನು ಗೌರವಿಸುತ್ತಿತ್ತು. ಎರಡು ವರ್ಷದ ಕಾಲೇಜಿನಲ್ಲಿ ಎಷ್ಟು ಚೆನ್ನಾಗಿ ಓದಿದರೂ ಅಂಥ ಗೌರವವಿಲ್ಲ. 1918ರಲ್ಲಿ ಮಿಸೌರಿಯ ಎಂಟು ಮಹಿಳಾ ಜೂನಿಯರ್ ಕಾಲೇಜುಗಳ ಅಧ್ಯಕ್ಷರು ಸೇರಿ, ತಮ್ಮ ವಿದ್ಯಾರ್ಥಿನಿಯರಿಗಾಗಿ ಫೈ ತೀಟಾ ಕಪ್ಪಾ ಸ್ಥಾಪಿಸಿದರು. ಇಲ್ಲಿಯೂ ಗ್ರೀಕ್ ಅಕ್ಷರ, ಇಲ್ಲಿಯೂ ಬ್ಯಾಡ್ಜು, ದೀಕ್ಷೆ. ಆದರೆ ಚಹಾಕೂಟವಿಲ್ಲ, ಗೋಲಿಯಿಲ್ಲ, ನೋಡುವುದು ಅಂಕಪಟ್ಟಿಯನ್ನು. ಬಡಿಸುವ ಹುಡುಗಿಗೂ ಬಡಿಸಿಕೊಳ್ಳುವವಳಿಗೂ ಒಂದೇ ಅಳತೆ. ಮುಂದಿನ ದಶಕದಲ್ಲಿ ಹುಡುಗರಿಗೂ ಪ್ರವೇಶ ಸಿಕ್ಕಿತು. 1929ರಲ್ಲಿ ಅಮೆರಿಕದ ಜೂನಿಯರ್ ಕಾಲೇಜುಗಳ ಸಂಘವು ಇದನ್ನೇ ಎರಡು ವರ್ಷದ ಕಾಲೇಜುಗಳ ಅಧಿಕೃತ ಗೌರವ ಸಂಘವೆಂದು ಮಾನ್ಯ ಮಾಡಿತು.

ಇನ್ನೊಂದು ಸಂಘದ ಕಥೆ ಇದಕ್ಕಿಂತ ಸ್ವಾರಸ್ಯದ್ದು. 1869ರ ಜನವರಿಯಲ್ಲಿ ಅಯೋವಾ ವೆಸ್ಲಿಯನ್ ಕಾಲೇಜಿನ ಏಳು ಗೆಳತಿಯರು ಪಿ.ಇ.ಒ. ಎಂಬ ಗುಟ್ಟಿನ ಸಂಘ ಕಟ್ಟಿದರು. ಮಾನ್ಮತ್‌ನ ಐ.ಸಿ. ಸೊರೊಸಿಸ್ ಇವರ ಕಾಲೇಜಿಗೂ ಬಂದು, ಗೆಳತಿಯರಲ್ಲಿ ಕೆಲವರನ್ನು ಮಾತ್ರ ಕರೆದು ಉಳಿದವರನ್ನು ಬಿಟ್ಟಿತ್ತು. ಆಗ, ನಮ್ಮದೇ ಒಂದು ಸಂಘವಿರಲಿ ಎಂದು ಎಲ್ಲರೂ ಒಟ್ಟಿಗೆ ನಿಂತರು ಎಂಬುದು ಅದರ ಹುಟ್ಟಿನ ಕಥೆ. ಹುಡುಗಿಯರು ಓದು ಮುಗಿಸಿದರು, ಮದುವೆಯಾದರು, ಊರೂರಿಗೆ ಚದುರಿದರು. ಸಂಘವೂ ಅವರೊಂದಿಗೆ ಕಾಲೇಜಿನ ಗೇಟು ದಾಟಿ ಊರಿನ ಹೆಂಗಸರ ಸಂಘವಾಯಿತು. 1907ರಲ್ಲಿ ಹೆಣ್ಣುಮಕ್ಕಳ ಓದಿಗಾಗಿ ಸಾಲದ ನಿಧಿ ತೆರೆಯಿತು.

ಮಿಸೌರಿಯಲ್ಲಿ ನೆವಾಡಾ ಎಂಬ ಊರಿದೆ (ರಾಜ್ಯದ ಹೆಸರೇ ಊರಿಗೂ). ಅಲ್ಲಿ 1884ರಲ್ಲಿ ವರ್ಜೀನಿಯಾ ಆಲಿಸ್ ಕಾಟಿ ಎಂಬ ಶಿಕ್ಷಕಿ ತನ್ನ ಉಳಿತಾಯದ ಹಣ ಹಾಕಿ, ತಂಗಿಯರನ್ನು ಜತೆಗಿಟ್ಟುಕೊಂಡು ಹುಡುಗಿಯರ ಶಾಲೆ ತೆರೆದಿದ್ದರು. ಅದು ಬೆಳೆದು ಜೂನಿಯರ್ ಕಾಲೇಜಾಯಿತು. ಮುಪ್ಪಿನಲ್ಲಿ, ತನ್ನ ನಂತರ ಇದನ್ನು ಯಾರು ನೋಡಿಕೊಳ್ಳುವರೆಂಬ ಚಿಂತೆ. 1927ರಲ್ಲಿ ಆಕೆ ಕಾಲೇಜನ್ನೇ ಪಿ.ಇ.ಒ. ಸಂಘಕ್ಕೆ ದಾನ ಮಾಡಿದರು. ಕಾಲೇಜಿನೊಳಗೆ ಸೊರೊರಿಟಿ ಇರುವುದು ಎಲ್ಲೆಡೆ ಕಂಡದ್ದು. ಇಲ್ಲಿ ಸೊರೊರಿಟಿಯಂತೆ ಹುಟ್ಟಿದ ಸಂಘದ ಕೈಯಲ್ಲೇ ಒಂದು ಜೂನಿಯರ್ ಕಾಲೇಜು! ಅಲ್ಲಿನ ಹಾಸ್ಟೆಲುಗಳನ್ನು ಹತ್ತರಷ್ಟು ಹುಡುಗಿಯರು ಒಂದೇ ಮನೆಯವರಂತೆ ಇರುವ ಚಿಕ್ಕ ಚಿಕ್ಕ ಬಿಡಾರಗಳಾಗಿ ವಿಭಾಗಿಸಲಾಗಿದೆ. ಮೂಲೆಯಲ್ಲಿ ಉಳಿಯುವ ಹುಡುಗಿ ಯಾರೂ ಇಲ್ಲ. ಆದರೆ ಪಿ.ಇ.ಒ.ಗೆ ಸೇರಲು ಇಂದಿಗೂ ಆಹ್ವಾನ ಬೇಕು ಎಂಬುದನ್ನೂ ಹೇಳಬೇಕಾಗುತ್ತದೆ.

ಜೂನಿಯರ್ ಕಾಲೇಜು ಸೊರೊರಿಟಿಗಳು ಕಾಲಕ್ರಮೇಣ ಮರೆಯಾದವು. ನಾಲ್ಕು ವರ್ಷದ ಸ್ಟ್ಯಾನ್‌ಫರ್ಡ್ 1944ರಲ್ಲಿ ತನ್ನ ಸೊರೊರಿಟಿಗಳನ್ನು ರದ್ದು ಮಾಡಿದ್ದುಂಟು. ಹುಡುಗಿಯರ ಸಂಖ್ಯೆ ಹೆಚ್ಚಿ, ಒಳಗಿನವರು ಹೊರಗಿನವರು ಎಂಬ ಬಿರುಕು ಬೆಳೆದದ್ದು ಕಾರಣ. ಎರಡು ವರ್ಷದ ಕಾಲೇಜುಗಳಲ್ಲಿ ನೆಲವೇ ಬದಲಾಯಿತು. ಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರ ಓದಿನ ಖರ್ಚು ಕೊಟ್ಟಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ, ಊರೂರಿಗೆ ಕಮ್ಯೂನಿಟಿ ಕಾಲೇಜು ಬೇಕೆಂದಿತು. 1960ರ ದಶಕವೊಂದರಲ್ಲೇ ಅಂಥ 457 ಸಾರ್ವಜನಿಕ ಕಾಲೇಜುಗಳು ತೆರೆದವು. ಅವುಗಳಲ್ಲಿ ಹೆಚ್ಚಿನವಕ್ಕೆ ಹಾಸ್ಟೆಲೇ ಇಲ್ಲ. ಬೆಳಿಗ್ಗೆ ಅಂಗಡಿಯಲ್ಲಿ ಕೆಲಸ, ಸಂಜೆ ಪಾಠ, ರಾತ್ರಿ ಮನೆಯಲ್ಲಿ ಮಗು. ಅಂಥವಳಿಗೆ ಚಹಾಕೂಟಕ್ಕೆ ಹೊತ್ತೆಲ್ಲಿ? ಇತ್ತ ಹಳೆಯ ಮಹಿಳಾ ಜೂನಿಯರ್ ಕಾಲೇಜುಗಳಲ್ಲಿ ಕೆಲವು ಮುಚ್ಚಿದವು, ಕೆಲವು ನಾಲ್ಕು ವರ್ಷಕ್ಕೆ ಬೆಳೆದವು. ಕ್ರಿಶ್ಚಿಯನ್ ಕಾಲೇಜು 1970ರಲ್ಲಿ ಹುಡುಗರನ್ನೂ ಸೇರಿಸಿಕೊಂಡು ಕೊಲಂಬಿಯಾ ಕಾಲೇಜಾಯಿತು. ಪಿ.ಇ.ಒ. ಹುಟ್ಟಿದ ಅಯೋವಾ ವೆಸ್ಲಿಯನ್ 2023ರಲ್ಲಿ ಬಾಗಿಲು ಹಾಕಿತು.

ಪಿ.ಇ.ಒ. ಉಳಿದಿದೆ. 1949ರಿಂದ ಅದು ಅಮೆರಿಕ, ಕೆನಡಾಗಳಲ್ಲಿ ಸ್ನಾತಕೋತ್ತರ ಓದಿಗೆ ಬರುವ ಬೇರೆ ದೇಶಗಳ ಹೆಣ್ಣುಮಕ್ಕಳಿಗೆ ಶಾಂತಿ ವಿದ್ಯಾರ್ಥಿವೇತನ ಎಂಬ ನೆರವು ಕೊಡುತ್ತ ಬಂದಿದೆ. ಭಾರತದ ವಿದ್ಯಾರ್ಥಿನಿಯರೂ ಅರ್ಜಿ ಹಾಕಬಹುದು. ಫೈ ತೀಟಾ ಕಪ್ಪಾವೂ ಉಳಿದಿದೆ. ಖರ್ಚು ಕಡಿಮೆಯೆಂದು ಮೊದಲೆರಡು ವರ್ಷ ಕಮ್ಯೂನಿಟಿ ಕಾಲೇಜಿನಲ್ಲಿ ಓದಿ, ನಂತರ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳುವ ದಾರಿ ಹಿಡಿದ ವಿದೇಶಿ ವಿದ್ಯಾರ್ಥಿಗಳಿಗೂ ಅದರ ಆಹ್ವಾನ ಬರುತ್ತದೆ. ಸಾಮಾನ್ಯವಾಗಿ 4ಕ್ಕೆ 3.5ರಷ್ಟು ಸರಾಸರಿ ಅಂಕ ಇರಬೇಕು, ಸೇರುವಾಗ ಶುಲ್ಕವಿದೆ. ದುಡ್ಡು ಕೇಳುವ ಗ್ರೀಕ್ ಹೆಸರಿನ ಪತ್ರ ಕಂಡು, ಇದು ಮೋಸದ ಜಾಲವೇನೋ ಎಂದು ತಂದೆತಾಯಿ ಗಾಬರಿಯಾಗುವುದು ಸಹಜ. ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿದರೆ ಅನುಮಾನ ಪರಿಹಾರವಾಗುತ್ತದೆ. ಈ ಸದಸ್ಯತ್ವ ಇದ್ದವರಿಗೆಂದೇ ಹಲವು ವಿಶ್ವವಿದ್ಯಾಲಯಗಳು ವರ್ಗಾವಣೆಯ ವಿದ್ಯಾರ್ಥಿವೇತನ ಇಟ್ಟಿವೆ. ಅದಕ್ಕೆ ಬೇರೆಯಾಗಿ ಅರ್ಜಿ ಹಾಕಬೇಕು, ಕೊನೆಯ ದಿನಾಂಕ ಒಂದೊಂದು ಕಡೆ ಒಂದೊಂದು.