ಹದಿನೇಳು ಗಂಟೆ ಅನ್ನೋ ಸುಳ್ಳು

ಎರಡು ಊರಿನ ಹೆಸರು ಹಾಕಿದರೆ ವಿಮಾನದ ದೂರ, ಸಮಯ ಹೇಳೋ ತಾಣಗಳನ್ನ ನೀವೂ ನೋಡಿರ್ತೀರಿ. ಸ್ಯಾನ್ ಫ್ರಾನ್ಸಿಸ್ಕೋ - ಬೆಂಗಳೂರು ಅಂತ ಹಾಕಿ: ಸುಮಾರು 14,000 ಕಿ.ಮೀ. ಗ್ಲೋಬ್ ಮೇಲೆ ಒಂದು ದಾರ ಎಳೆದು ನೋಡಿ, ಅದು ಉತ್ತರ ಧ್ರುವದ ಹತ್ತಿರವೇ ಹಾದುಹೋಗುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಧ್ರುವದ ಮೇಲಿಂದಲೇ ಹಾರಿಸಿ, ಸುಮಾರು 17 ಗಂಟೆಯಲ್ಲಿ ಬೆಂಗಳೂರಿಗೆ ತಂದಿಳಿಸಿದರು. ಶನಿವಾರ ರಾತ್ರಿ ಹತ್ತಿದವರು ಇಳಿದದ್ದು ಸೋಮವಾರ ನಸುಕಿಗೆ. ಗಡಿಯಾರದ ಹದಿಮೂರೂವರೆ ಗಂಟೆ ವ್ಯತ್ಯಾಸ ಸೇರಿ ಭಾನುವಾರ ಪೂರಾ ಮಾಯ!

ಆ ಹದಿನೇಳು ಗಂಟೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

2023ರಲ್ಲಿ ಒಂದು ಗುರುವಾರ ರಾತ್ರಿ ಅಮ್ಮನ ಫೋನ್. ಶೆಟ್ಟಿಹಳ್ಳಿಯಲ್ಲಿ ಆಗ ಶುಕ್ರವಾರ ಬೆಳಗ್ಗೆ. ದೊಡ್ಡಪ್ಪ ಹೋಗಿಬಿಟ್ಟಿದ್ರು. "ಎಷ್ಟೊತ್ತಿಗೆ ಬತ್ತೀಯ ಮಗಾ? ಇಟ್ಕೊಂಡಿರಾಣ್ವಾ?" ಅಂದ್ರು. ನಾನು ಯೋಚನೆ ಮಾಡದೆ "ನಾಳೆ ಬೆಳಗ್ಗೆಗೆ ಅಲ್ಲಿರ್ತೀನಮ್ಮಾ" ಅಂದುಬಿಟ್ಟೆ.

ಆ ದಿನ ನೇರ ವಿಮಾನ ಸಿಗಲಿಲ್ಲ. ಎರಡು ವಿಮಾನ, ನಡುವೆ ಏಳು ಗಂಟೆ ಕಾಯೋದು. ದೇವನಹಳ್ಳಿಯಲ್ಲಿ ಇಳಿದು ಇಮಿಗ್ರೇಷನ್ ಸಾಲು. ಆಮೇಲೆ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿ ಇನ್ನೂರು ಕಿಲೋಮೀಟರಿಗೂ ಮೇಲೆ ರಸ್ತೆ. ಮನೆ ಬಾಗಿಲಿಂದ ಮನೆ ಬಾಗಿಲಿಗೆ 38 ಗಂಟೆ! ನಾನು ತಲುಪಿದ್ದು ಶನಿವಾರ ನಡುರಾತ್ರಿ. ಶನಿವಾರ ಸಂಜೆ ತನಕ ಫ್ರೀಜರ್ ಬಾಕ್ಸಿನಲ್ಲಿಟ್ಟು ಕಾದು, ಹೊತ್ತು ಮುಳುಗೋ ಮುಂಚೆ ಮಣ್ಣು ಮಾಡಿದ್ದರು. ಮನೆಯವರೆಲ್ಲ ಒಂದೂವರೆ ದಿನ ಉಪವಾಸ. ನನ್ನನ್ನು ಯಾರೂ ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ತಾಣ ಸುಳ್ಳು ಹೇಳಲಿಲ್ಲ ಬಿಡಿ. ಅದು ದೂರವನ್ನ ಒಂದು ಸರಾಸರಿ ವೇಗದಿಂದ ಭಾಗಿಸುತ್ತೆ, ಅಷ್ಟೇ. ಸೀಟು ಇದೆಯೋ ಇಲ್ಲವೋ, ಎದುರುಗಾಳಿ ಎಷ್ಟು, ಎಲ್ಲಿ ಕಾಯಬೇಕು, ಅದಕ್ಕೇನು ಗೊತ್ತು? ಸುಳ್ಳು ಹೇಳಿದ್ದು ನಾನು.

ದೊಡ್ಡಪ್ಪ ಯಾವತ್ತೂ ದೂರವನ್ನ ಮೈಲಿಯಲ್ಲಿ ಹೇಳಿದವರಲ್ಲ. "ಊಟದೊತ್ಗೆ ಬಂದ್ಬುಡಬೋದು", ಇಲ್ಲಾಂದ್ರೆ "ಬುತ್ತಿ ಕಟ್ಕಂಡ್ ಓಗ್ಬೇಕು". ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ನಮ್ಮ ಹಳೇ ಚರ್ಚನ್ನೇ ಮಳೆಗಾಲದಲ್ಲಿ ಮುಳುಗಿಸುತ್ತೆ. ಎದುರಿನ ದಡ ಕಣ್ಣಿಗೆ ಕಾಣುತ್ತೆ, ಹೋಗೋಕೆ ಸುತ್ತು ಹಾಕಲೇಬೇಕು. ಗೆರೆ ಬೇರೆ, ದಾರಿ ಬೇರೆ ಅನ್ನೋದು ಅವರಿಗೆ ಯಾವ ಗ್ಲೋಬೂ ಇಲ್ಲದೆ ಗೊತ್ತಿತ್ತು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಹೊರದೇಶದಲ್ಲಿರೋ ನಾವು ಊರಿನವರಿಗೆ ವಿಮಾನದ ಗಂಟೆ ಹೇಳಬಾರದು, ಬಾಗಿಲಿಂದ ಬಾಗಿಲಿಗೆ ಲೆಕ್ಕ ಹೇಳಬೇಕು. ಇವತ್ತೇ ಒಂದು ಸಲ ಕೂತು ಲೆಕ್ಕ ಹಾಕಿಟ್ಟುಕೊಳ್ಳಿ, ಅಪ್ಪ ಅಮ್ಮನಿಗೂ ಹೇಳಿಡಿ. ಆಗಲ್ಲ ಅಂತ ಗೊತ್ತಾದಾಗ "ಕಾಯಬೇಡಿ, ಮಾಡಿಬಿಡಿ" ಅನ್ನೋ ಧೈರ್ಯವೂ ಇರಲಿ. ಹೇಳೋದು ಕಷ್ಟ. ಕಾಯಿಸೋದು ಅದಕ್ಕಿಂತ ಕೆಟ್ಟದ್ದು.

ನಿಮ್ಮ ಲೆಕ್ಕ ಎಷ್ಟು ಗಂಟೆ ಬಂತು? ಬರೆದು ತಿಳಿಸಿ.